ಎಕಂಬಾ ಬಾವಿಯ ಹಗ್ಗ

ನೀರಿನೊಳಗೆ ಹೊಸ ಡೈವಿಂಗ್ ಬೋಧಕರ ಪಾಠ ನೋಡುವಾಗ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತೇನೆ. ಕೈ ಮುಂದಿದ್ದರೆ ಅದು ತಾನಾಗಿ ಕಲಿಯುವವನ ಕನ್ನಡಕ ಸರಿಮಾಡಲು, ಸಡಿಲಾದ ಪಟ್ಟಿ ಬಿಗಿಯಲು ಹೋಗುತ್ತದೆ. ಆಗ ಹೊಸ ಬೋಧಕ ತಾನು ನೋಡಬೇಕಾದದ್ದನ್ನು ನೋಡುವುದೇ ಇಲ್ಲ. ಜೀವಕ್ಕೆ ಅಪಾಯ ಎನ್ನಿಸಿದಾಗ ಮಾತ್ರ ಚಾಕುವಿನ ಹಿಡಿಯಿಂದ ಬೆನ್ನ ಮೇಲಿನ ಸಿಲಿಂಡರ್ ಬಡಿಯುತ್ತೇನೆ. ಆ ಸದ್ದಿಗೆ ಪಾಠ ನಿಲ್ಲುತ್ತದೆ, ಮುಂದಿನದೆಲ್ಲ ನನ್ನ ಹೊಣೆ. ಬೀದರಿನಲ್ಲಿ ಶುರುವಾಗಿ, ಭಾಲ್ಕಿ ಹಾದು, ಔರಾದ ತಾಲೂಕಿನ ಎಕಂಬಾಕ್ಕೆ ಹೋದ ಆ ತರಬೇತಿಯಲ್ಲಿ ನಾನು ಒಮ್ಮೆಯೂ ಸಿಲಿಂಡರ್ ಬಡಿಯಲಿಲ್ಲ. ಬಡಿಯಬೇಕಾದ ಗಳಿಗೆಯಲ್ಲಿ ಅಪಾಯ ನೀರಿನಲ್ಲಿರಲಿಲ್ಲ, ದಂಡೆಯ ಮೇಲಿತ್ತು.

ಬಾವಿಗೆ, ಕೆರೆಗೆ ಬಿದ್ದವರನ್ನು ಹುಡುಕಲು ದೂರದಿಂದ ಮುಳುಗುಗಾರರು ಬರುವವರೆಗೆ ಮನೆಯವರು ದಂಡೆಯಲ್ಲಿ ಕೂತಿರುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಒಂದು ಸೇವಾಸಂಸ್ಥೆಯವರು ಊರ ಸ್ವಯಂಸೇವಕರಿಗೇ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದನ್ನು, ಕಲಿಸಲು ಮುಂದಾದರು. ಕಲಿಸುವವರು ಇಬ್ಬರು, ಇಬ್ಬರೂ ಈ ಜಿಲ್ಲೆಯವರೇ, ಆಗಷ್ಟೇ ಬೋಧಕರಾಗಿ ಪಾಸಾದವರು. ಅವರ ಮೊದಲ ತಂಡದ ಪಾಠಗಳನ್ನು ಜೊತೆಗಿದ್ದು ನೋಡುವುದು, ತಿದ್ದುವುದು ನನ್ನ ಕೆಲಸ.

ಒಬ್ಬಳು ಬೀದರಿನವಳು. ತಾಯಿ ನರ್ಸ್. ತಂಡದವರೆಲ್ಲ ಅವಳನ್ನು ಸಿಸ್ಟರ್ ಮಗಳು ಎನ್ನುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದಳು. ಪಾಠದ ಒಂದು ಹೆಜ್ಜೆಯನ್ನೂ ಬಿಡುತ್ತಿರಲಿಲ್ಲ, ಆದರೆ ಕಲಿಯುವವನು ತಡವರಿಸಿದರೆ ಕಾಯಲಾರದೆ ತಾನೇ ಮಾಡಿಕೊಟ್ಟುಬಿಡುತ್ತಿದ್ದಳು. ಇನ್ನೊಬ್ಬ ಎಕಂಬಾದವನು, ಕುರಿ ಸಾಕುವ ಮನೆಯ ಹುಡುಗ. ಡಿಗ್ರಿ ಮುಗಿಸಿ ಕರಾವಳಿಗೆ ಹೋಗಿ ಡೈವಿಂಗ್ ಕಲಿತು ಬಂದವನು. ನೀರೊಳಗೆ ಅವನ ಕಣ್ಣು ಹಿಂಡು ಕಾಯುವವನ ಕಣ್ಣಿನಂತೆ ಒಬ್ಬೊಬ್ಬರ ಮೇಲೂ ಹೋಗಿ ಬರುತ್ತಿತ್ತು. ಅವನ ದೋಷವೆಂದರೆ ಹಿಂದೆ ಬಿದ್ದವನ ಜೊತೆಗೇ ಉಳಿದುಬಿಡುವುದು.

ಬೀದರಿನ ಈಜುಕೊಳದಲ್ಲಿ ಮೊದಲು ಕಲಿಸಬೇಕಾದದ್ದು ಮುಳುಗುವುದನ್ನಲ್ಲ, ಉಸಿರು ಬಿಡುವುದನ್ನು. ನೀರಿನ ಆಳದಲ್ಲಿ ಸಿಲಿಂಡರಿನ ಗಾಳಿ ಒತ್ತಿಕೊಂಡು ಎದೆ ತುಂಬಿರುತ್ತದೆ. ಮೇಲೆ ಬರುತ್ತ ಬರುತ್ತ ನೀರಿನ ಒತ್ತಡ ಇಳಿದು ಅದು ಹಿಗ್ಗುತ್ತದೆ. ಬಾಯಿ ಮುಚ್ಚಿ ಮೇಲೆ ಬಂದರೆ ಆ ಗಾಳಿ ಶ್ವಾಸಕೋಶವನ್ನು ಹರಿದು ರಕ್ತಕ್ಕೆ ನುಗ್ಗುತ್ತದೆ. ಬಾವಿಯಲ್ಲಿ ಈಜು ಕಲಿತ ನಮ್ಮ ಮಂದಿಗೆ ಇದನ್ನು ಒಪ್ಪಿಸುವುದು ಕಷ್ಟ. ಅವರ ಹೆಮ್ಮೆಯೆಲ್ಲ ದಮ್ಮು ಹಿಡಿಯುವುದರಲ್ಲಿದೆ.

ಭಾಲ್ಕಿಯ ಒಬ್ಬ ಆಟೋ ಚಾಲಕ ಮೊದಲ ದಿನವೇ ಎದೆ ಉಬ್ಬಿಸಿ ನಿಂತ. "ನಾ ಬಾವ್ಯಾಗ ದಮ್ ಹಿಡದು ಕುಂತ್ರ ಮ್ಯಾಲಿನ ಮಂದಿ ಅಳಾಕ ಶುರು ಮಾಡ್ತಾರ್ರಿ. ಆಮ್ಯಾಲ ಎದ್ದು ಬಂದು ಚಾ ಕೇಳ್ತೇನಿ."

ಎಕಂಬಾದವನು ನಕ್ಕ. "ಅಣ್ಣಾ, ಆ ಶಾಣ್ಯಾತನ ಇಲ್ಲಿ ಮರೀರಿ. ಇಲ್ಲಿ ದಮ್ ಹಿಡದವ ಹೋದ. ಮ್ಯಾಲ ಬರಬೇಕಾದ್ರ ಹಾಡ್ಕೋತ ಬರ್ರಿ, ಬೈಕೋತ ಬರ್ರಿ, ಬಾಯಿ ಮಾತ್ರ ಮುಚ್ಚಬ್ಯಾಡ್ರಿ."

"ಬೈಕೋತ ಅಂದ್ರ ಯಾರಿಗಿ ಬೈಲಿ?"

"ನನಗs ಬೈರಿ. ಹ್ಯಾಂಗೂ ಬೈತೀರಿ."

ಪಾಠ ಮುಗಿದ ಮೇಲೆ ನಾನು ಬೋಧಕರನ್ನು 'ಏನು ಮಾಡಿದಿರಿ' ಎಂದು ಕೇಳುವುದಿಲ್ಲ, 'ಏನು ಕಂಡಿರಿ' ಎಂದು ಕೇಳುತ್ತೇನೆ. ಮೊದಮೊದಲು ಸಿಸ್ಟರ್ ಮಗಳು ತನ್ನ ತಪ್ಪುಗಳನ್ನೇ ಹೇಳುತ್ತಿದ್ದಳು. ಅವನು ಮಾತ್ರ, "ಆಟೋ ಅಣ್ಣನ ಗುಳ್ಳಿ ಒಮ್ಮೆ ನಿಂತು ಒಮ್ಮೆ ಬರ್ತಿದ್ವು ಮ್ಯಾಡಂ, ಅಂದ್ರ ದಮ್ ಕದೀಲಿಕತ್ಯಾರ" ಎಂದು ಸರಿಯಾಗಿ ಹೇಳಿದ್ದ.

ಕೊಳದಿಂದ ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿಗೆ ಹೋದೆವು. ಅಲ್ಲಿ ಎಲ್ಲವೂ ಕೈಕೊಟ್ಟಿತು. ಗಾಳಿ ತುಂಬುವ ಯಂತ್ರ ಕೆಟ್ಟು ಸಿಲಿಂಡರುಗಳಿಗಾಗಿ ಕಾದೆವು. ತಳದ ಕಪ್ಪು ಮಣ್ಣು ಕದಡಿ, ಚಾಚಿದ ಕೈಯ ಬೆರಳು ಕಾಣದಂತಾಯಿತು. ಸಿಸ್ಟರ್ ಮಗಳ ಬಳಿಯಿದ್ದವನೊಬ್ಬ ಕನ್ನಡಕದೊಳಗೆ ನೀರು ಬಂತೆಂದು ಗಾಬರಿಯಾಗಿ ಕೈಕಾಲು ಬಡಿದ. ಅವಳು ಎಂದಿನಂತೆ ಅವನ ಕನ್ನಡಕಕ್ಕೆ ಕೈ ಹಾಕಿದಳು, ಅವನು ಅವಳ ಬಾಯಿಯ ಉಸಿರಾಟದ ಕೊಳವೆಯನ್ನೇ ಕಿತ್ತ. ನನ್ನ ಕೈ ಚಾಕುವಿನವರೆಗೆ ಹೋಗಿತ್ತು. ಅವಳು ಸಣ್ಣಗೆ ಗುಳ್ಳೆ ಬಿಡುತ್ತಲೇ ಕೊಳವೆ ಹುಡುಕಿ ಬಾಯಿಗಿಟ್ಟುಕೊಂಡು, ಅವನ ತೋಳು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ಅವನು ತಾನೇ ಮೂಗಿನಿಂದ ಗಾಳಿ ಊದಿ ಕನ್ನಡಕ ಬರಿದು ಮಾಡುವವರೆಗೂ ಕದಲಲಿಲ್ಲ.

ದಂಡೆಗೆ ಬಂದ ಮೇಲೆ, ಏನು ಕಂಡೆ ಎಂದು ಕೇಳಿದೆ. "ಅಂವಾ ನನ್ನ ಕೈ ನೋಡಲಿಲ್ಲ ಮ್ಯಾಡಂ. ನಾ ಹೆದರೇನೇನಂತ ಮಾರಿ ನೋಡಿದ" ಎಂದಳು ಅವಳು. ಅವತ್ತು ಅವಳು ಬೋಧಕಿಯಾದಳು ಎಂದುಕೊಂಡೆ.

ಆ ಕದಡಿದ ನೀರಿನಿಂದಾಗಿಯೇ ಹಗ್ಗ ಬಂತು. ಕಣ್ಣಿಗೆ ಕಾಣದ ನೀರಿನಲ್ಲಿ ಮುಳುಗುವವನ ಎದೆಪಟ್ಟಿಗೆ ಹಗ್ಗ ಕಟ್ಟಿ, ದಂಡೆಯಲ್ಲಿ ಒಬ್ಬರು ಅದನ್ನು ಹಿಡಿದಿರುತ್ತಾರೆ. ಒಂದು ಜಗ್ಗು ಅಂದರೆ ಕ್ಷೇಮ, ಎರಡು ಅಂದರೆ ಸಡಿಲ ಬಿಡು, ಮೂರು ಅಂದರೆ ಮೇಲೆ ಬರುತ್ತಿದ್ದೇನೆ. ಹಿಡಿದವರು ಮಿಕ್ಕಿದ ಹಗ್ಗ ಸುತ್ತಿಕೊಳ್ಳಬೇಕಷ್ಟೆ, ಎಳೆಯುವಂತಿಲ್ಲ. ಮುಳುಗಿದವನು ತನ್ನ ಉಸಿರಿನ ವೇಗಕ್ಕೆ ತಾನೇ ಬರುತ್ತಾನೆ.

ನಮ್ಮ ಹಳ್ಳಿಗಳಲ್ಲಿ ಹಗ್ಗದ ರೂಢಿ ಇದಕ್ಕೆ ತದ್ವಿರುದ್ಧ. ಹೂಳು ತೆಗೆಯಲು ಬಾವಿಗಿಳಿದವನ ಸೊಂಟಕ್ಕೆ ಹಗ್ಗ ಕಟ್ಟಿ ನಾಲ್ಕಾರು ಜನ ಮೇಲೆ ಹಿಡಿದಿರುತ್ತಾರೆ. ಹಳೆಯ ಬಾವಿಯ ತಳದಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದವನಿಗೆ ಕೂಗಲೂ ಆಗದಿರಬಹುದು. ಹಗ್ಗ ಅದುರಿತೆಂದರೆ ಕಾರಣ ಕೇಳದೆ ಎಲ್ಲರೂ ಸೇರಿ ಎಳೆಯುತ್ತಾರೆ. ಆ ರೂಢಿ ಎಷ್ಟೋ ಜನರನ್ನು ಉಳಿಸಿದೆ.

ಮುಳುಗಿದವನನ್ನು ಯಾಕೆ ಎಳೆಯಬಾರದೆಂದು ಬಿಡಿಸಿ ಹೇಳಲು ಎಕಂಬಾದವನು ಒಂದು ಉಪಾಯ ಹುಡುಕಿದ್ದ. ಕುರಿ ಕೊಯ್ದಾಗ ಅದರ ಮೂತ್ರಚೀಲ ಊದಿ ಮಕ್ಕಳು ಚೆಂಡಾಡುತ್ತಾರೆ. ಅಂಥದೊಂದನ್ನು ಕಲ್ಲು ಕಟ್ಟಿದ ಹಗ್ಗಕ್ಕೆ ಸಿಕ್ಕಿಸಿ ತಳಕ್ಕೊಯ್ದು, ಅಲ್ಲಿ ಸಿಲಿಂಡರಿನ ಗಾಳಿ ತುಂಬಿ ಬಾಯಿ ಕಟ್ಟಿದ. ದಂಡೆಯಲ್ಲಿದ್ದವರು ಎಳೆದರು. ನೀರಿನ ಮೇಲ್ಮೈಗೆ ಬರುವ ಮೊದಲೇ ಅದು ಉಬ್ಬಿ ಒಡೆಯಿತು. ಇನ್ನೊಂದರ ಬಾಯಿಗೆ ಖಾಲಿ ಪೆನ್ನಿನ ಕೊಳವೆ ಇಟ್ಟು ಗಾಳಿ ಹೊರಹೋಗಲು ದಾರಿ ಬಿಟ್ಟ. ನಿಧಾನ ತಂದಾಗ ಅದು ಇಡಿಯಾಗಿ ಬಂತು. ಆಟೋ ಚಾಲಕ ಒಡೆದ ಚೀಲವನ್ನು ಬೆರಳಿನಿಂದ ಎತ್ತಿ ನೋಡಿ, "ಇದು ನನ್ನ ಎದಿ ಅನ್ರಿ" ಎಂದ. ಆಮೇಲೆ ಅವನು ದಮ್ಮಿನ ಜಂಬ ಬಿಟ್ಟ. ಇಷ್ಟು ಒಳ್ಳೆಯ ಪಾಠವನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕೊನೆಯ ಹಂತ ಬಾವಿ. ಎಕಂಬಾದವನು ತನ್ನ ಊರಿನ ಬಾವಿಯನ್ನೇ ಆರಿಸಿದ. ಕಲ್ಲು ಕಟ್ಟಿದ ದೊಡ್ಡ ಬಾವಿ, ಒಂದು ಬದಿಗೆ ಮೆಟ್ಟಿಲು, ಒಳ್ಳೆಯ ನೀರು. ಅವನು ಈಜು ಕಲಿತದ್ದೂ ಅಲ್ಲೇ. ಬೆಳಿಗ್ಗೆ ಅವನ ಅಪ್ಪ ಎರಡು ಮೂತ್ರಚೀಲಗಳನ್ನು ತೊಳೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಿದ್ದ. ಎತ್ತರದ, ಒಣಕಲು ಮೈಯ, ಹೆಗಲ ಮೇಲೆ ಕಂಬಳಿ ಇಳಿಬಿಟ್ಟ ಮನುಷ್ಯ.

"ಇದೇನ್ ಪಾಠನೋ ನಿಂದು? ಸಾಲಿ ಕಲ್ತು ಕುರಿ ಉಚ್ಚಿ ಚೀಲ ಊದ್ತಿ?"

"ನೀವು ನೋಡ್ತಿರ್ರಿ ಅಪ್ಪಾ. ಡೈವ್ ಆಗಲಿ, ಊರ ಮಂದಿ ಎಲ್ಲಾ ಕೂಡಲಿ. ಆಮ್ಯಾಲ ತೋರಿಸ್ತೇನಿ."

ಅಪ್ಪ ನನ್ನ ಕಡೆ ತಿರುಗಿದ. "ಇಂವಾ ಸಣ್ಣಾಂವ ಇದ್ದಾಗ ಇದs ಬಾವ್ಯಾಗ ಸೊಂಟಕ್ಕ ಹಗ್ಗ ಕಟ್ಟಿ ಬಿಟ್ಟೇನಿ ನೋಡ್ರಿ ಮ್ಯಾಡಮ್ಮೋರ. ಬಾಯಿ ಮುಚ್ಚೋ, ದಮ್ ಹಿಡಿಯೋ ಅಂತ ಒದರಿ ಒದರಿ ಕಲಿಸೇನಿ. ಈಗ ನನಗs ಪಾಠ ಹೇಳ್ತಾನ."

ನಾವೆಲ್ಲ ನಕ್ಕೆವು. ಮಗ ನೆರೆದವರಿಗೆ ಹಗ್ಗ ಎಳೆಯಬಾರದೆಂದು ಬಿಡಿಸಿ ಹೇಳಿದ. ಅವರು ತಲೆಯಾಡಿಸಿದರು. ಸಿಸ್ಟರ್ ಮಗಳು ದಂಡೆಯಲ್ಲಿ ಅವನ ಹಗ್ಗ ಹಿಡಿದು ನಿಂತಳು. ಎರಡು ಹಗ್ಗ ತೊಡಕಾಗುತ್ತವೆಂದು ತಾನೊಬ್ಬನೇ ಹಗ್ಗ ಕಟ್ಟಿಕೊಂಡು ಅವನು ಆಟೋ ಚಾಲಕನ ಜೊತೆ ಇಳಿದ. ಮೂವರು ಹೋದರೆ ಹೂಳು ಇನ್ನಷ್ಟು ಕದಡುತ್ತದೆಂದು ನಾನು ಸಿಲಿಂಡರ್ ಹೊತ್ತು ಕೆಳಗಿನ ಮೆಟ್ಟಿಲಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತೆ.

ತಳದಲ್ಲಿ ಬಿದ್ದಿದ್ದ ಹಳೆಯ ಪಂಪಿನ ಕೇಬಲ್ ಆಟೋ ಚಾಲಕನ ಕಾಲಿಗೆ ಸುತ್ತಿಕೊಂಡದ್ದು ನಮಗೆ ಆಮೇಲೆ ತಿಳಿಯಿತು. ಇದನ್ನು ನಾವು ಕೊಳದಲ್ಲಿ ಮಾಡಿ ನೋಡಿದ್ದೆವು: ನಿಲ್ಲು, ಉಸಿರಾಡು, ಬೋಧಕ ಬಿಡಿಸುವವರೆಗೆ ಕಾಯಿ. ಅವನು ಹಾಗೆಯೇ ಕಾದ. ಬೋಧಕ ಮೊಣಕಾಲೂರಿ ಬಿಡಿಸುತ್ತಿದ್ದ. ಇಬ್ಬರೂ ಒಂದೇ ಕಡೆ ಉಸಿರು ಬಿಡುತ್ತಿದ್ದುದರಿಂದ ಗುಳ್ಳೆಗಳು ರಾಶಿಯಾಗಿ ಎದ್ದವು. ಅವನ ಹಗ್ಗ ಪಂಪಿನ ಕೊಳವೆಗೆ ತಾಗಿ ತಾಗಿ ಅದುರುತ್ತಿತ್ತು. ಸಿಸ್ಟರ್ ಮಗಳು ಒಂದು ಜಗ್ಗು ಕೊಟ್ಟು ಕೇಳಿದಳು. ಒಂದು ಜಗ್ಗು ಮರಳಿ ಬಂತು. ಕ್ಷೇಮ. ಅದನ್ನು ಅವಳು ನನಗೆ ಕೈ ಎತ್ತಿ ತೋರಿಸಿದಳು.

ಮೇಲಿನವರು ಕಂಡದ್ದು ಬೇರೆ. ಕುದಿಯುವ ನೀರು, ಅದುರುವ ಹಗ್ಗ.

"ಹವಾ ಕೆಟ್ಟದ! ಎಳೀರಿ! ಎಳೀರೋ!"

ಅಪ್ಪ ಹಗ್ಗಕ್ಕೆ ಕೈ ಹಾಕಿದ. ಅವನ ಹಿಂದೆ ಇನ್ನೂ ನಾಲ್ಕು ಜನ. ಸಿಸ್ಟರ್ ಮಗಳು ಹಗ್ಗ ಬಿಡಲಿಲ್ಲ, ಕಾಲೂರಿ ಹಿಂದಕ್ಕೆ ಜಗ್ಗಿ "ಬ್ಯಾಡ್ರಿ ಕಾಕಾ, ಬ್ಯಾಡ್ರಿ!" ಎಂದು ಕೂಗಿದಳು. ಅವಳ ಅಂಗೈ ಸುಲಿದು ಹಗ್ಗ ಜಾರಿಹೋಯಿತು. ನಾನು ಬಾಯಿಯ ಕೊಳವೆ ಉಗಿದು ಕೂಗಿದೆ. ಎಳೆಯುವವರ ಹೋ ಹೋ ಎಂಬ ಸದ್ದು ಬಾವಿಯ ಗೋಡೆಗಳಿಗೆ ಬಡಿದು ನನ್ನ ಕೂಗನ್ನು ನುಂಗಿತು. ಮುಳುಗಿ ಅವನನ್ನು ಹಿಡಿಯಲೆಂದು ನಾನು ನೀರಿಗೆ ಬೀಳುವಷ್ಟರಲ್ಲಿ ಅವನು ಮೇಲೆ ಬಂದಿದ್ದ.

ಕಣ್ಣು ಮುಚ್ಚಿದರೆ ಈಗಲೂ ಅದೇ ಬರುತ್ತದೆ. ಅವನ ಸುತ್ತ ಗುಳ್ಳೆಯಿಲ್ಲದ ನೀರು, ಬಿಗಿದ ಹಗ್ಗ, ಕೊಳವೆಯಿಲ್ಲದ, ಬಿಗಿಯಾಗಿ ಮುಚ್ಚಿದ ಬಾಯಿ.

ಎಳೆದ ರಭಸಕ್ಕೆ ಅವನ ಬಾಯಿಯ ಕೊಳವೆ ಕಳಚಿತ್ತು. ತಂಡಕ್ಕೆಲ್ಲ ಬಾಯಿ ಮುಚ್ಚಬೇಡಿ ಎಂದು ಕಲಿಸಿದವನು ಅವನು. ಆದರೆ ತನ್ನ ಬಾವಿಯಲ್ಲಿ, ಹಗ್ಗ ಎಳೆದಾಗ, ಮೈ ಮೊದಲು ಕಲಿತ ಪಾಠವನ್ನೇ ಮಾಡಿತು.

ಮೆಟ್ಟಿಲ ಮೇಲೆ ಕೂತು ಅವನು ಮಾತಾಡಿದ. "ಆಟೋ ಅಣ್ಣ ಕೆಳಗ ಇದ್ದಾನ ಮ್ಯಾಡಂ." ಅಷ್ಟರಲ್ಲಿ ಆಟೋ ಚಾಲಕ ಸಡಿಲಾಗಿದ್ದ ಕೇಬಲ್ ತಾನೇ ಬಿಡಿಸಿಕೊಂಡು, ಗುಳ್ಳೆ ಬಿಡುತ್ತ, ತನ್ನ ಗುಳ್ಳೆಗಳಿಗಿಂತ ನಿಧಾನವಾಗಿ, ಕಲಿಸಿದ ಹಾಗೆ ಮೇಲೆ ಬಂದ. ಅವನನ್ನು ನೋಡಿ ಬೋಧಕ ನಕ್ಕ. ಆ ನಗು ಮುಖದ ಒಂದೇ ಬದಿಗೆ ಬಂತು. ಬಲಗೈ ಮೆಟ್ಟಿಲಿಂದ ಜಾರಿ ನೀರಿಗೆ ಬಿತ್ತು.

ಅಂಗಾತ ಮಲಗಿಸಿ ಆಮ್ಲಜನಕ ಕೊಟ್ಟೆವು. ರಕ್ತಕ್ಕೆ ನುಗ್ಗಿದ ಗಾಳಿಯ ಗುಳ್ಳೆ ಮಿದುಳಿಗೆ ಹೋಗಿದ್ದರೆ ಬೇಕಾದದ್ದು ಅದನ್ನು ಮತ್ತೆ ಕುಗ್ಗಿಸುವ ಒತ್ತಡದ ಕೋಣೆ, ಅದಕ್ಕೆ ಹೈದರಾಬಾದಿಗೇ ಹೋಗಬೇಕು. ಮೊದಲು ಬೀದರ. ಜೀಪಿನಲ್ಲಿ ಅಪ್ಪ ಮುಂದೆ ಕೂತಿದ್ದ, ಹಿಂದೆ ಸಿಸ್ಟರ್ ಮಗಳು ಮತ್ತು ನಾನು ಅವನ ತಲೆಯ ಎರಡೂ ಬದಿಗೆ. ಜನವಾಡ ದಾಟಿದ ಮೇಲೆ ಅವನು ಎಡಗೈಯಿಂದ ಆಮ್ಲಜನಕದ ಮುಖವಾಡ ಸರಿಸಿದ. ನಾಲಿಗೆ ತೊದಲುತ್ತಿತ್ತು.

"ಅಪ್ಪಗ... ಹೇಳಬ್ಯಾಡ್ರಿ."

ಅವನು ಬೋಧಕ. ತನಗೇನಾಗಿದೆ, ಯಾಕಾಗಿದೆ ಎಂದು ಅವನಿಗೆ ಗೊತ್ತಿತ್ತು. ಬೀದರಿನ ದಿಬ್ಬ ಏರುವಾಗ ನಾನು ಹುಚ್ಚಿಯಂತೆ ಎತ್ತರದ ಲೆಕ್ಕ ಹಾಕುತ್ತಿದ್ದೆ. ಎತ್ತರ ಏರಿದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ, ಗುಳ್ಳೆ ಇನ್ನಷ್ಟು ಹಿಗ್ಗುತ್ತದೆ. ಬೇರೆ ದಾರಿ ಇರಲಿಲ್ಲ. ಆಸ್ಪತ್ರೆಯಲ್ಲಿ ಹೈದರಾಬಾದಿಗೆ ಕಳಿಸುವ ತಯಾರಿ ಮಾಡುತ್ತಿರುವಾಗಲೇ ಅವನು ಹೋದ.

ಅಪ್ಪ ಹೊರಗೆ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ. "ನಾ ತಡಾ ಮಾಡಿದ್ನಿ ಮ್ಯಾಡಮ್ಮೋರ," ಎಂದ. "ಹಗ್ಗ ಆ ಹುಡುಗಿ ಕೈಯಾಗಿತ್ತು. ಎಳೀಲಿಲ್ಲ, ನಿಂತು ನೋಡಿದಳು. ಮೊದಲs ಕಸಗೊಂಡಿದ್ರ ನನ್ನ ಮಗ ಇರ್ತಿದ್ದ."

ಸಿಸ್ಟರ್ ಮಗಳು ಪಕ್ಕದಲ್ಲೇ ಇದ್ದಳು. ಸುಲಿದ ಅಂಗೈಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

ಮಣ್ಣು ಮುಗಿಸಿ ಬರುವಾಗ ನಾನು ಅವಳಿಗೆ, ಅಪ್ಪನಿಗೆ ನಿಜ ಹೇಳಿಬಿಡೋಣ ಎಂದೆ. "ಬ್ಯಾಡ್ರಿ ಮ್ಯಾಡಂ, ಅಂವಾ ಬ್ಯಾಡಂದಾನ. ನನ್ನ ಮ್ಯಾಲೇ ಇರಲಿ" ಎಂದಳು. ಊರಿನವರು ಅವಳನ್ನು ಬೈದದ್ದು ಭಾಲ್ಕಿಯವರೆಗೂ ಬಂತು. ಚರ್ಚಿನಲ್ಲಿ ಹಾಡುವುದನ್ನೂ ಅವಳು ಬಿಟ್ಟಳೆಂದು ಅವಳ ತಾಯಿ ಹೇಳಿದರು. "ಬಾಯಿ ತೆರೀತಾಳ್ರಿ, ದನಿ ಬರೂದಿಲ್ಲ."

ತರಬೇತಿ ನಿಂತಿತು. ಹಾಗೆಯೇ ನಿಂತಿದ್ದರೆ ನಾವಿಬ್ಬರೂ ಮಾತು ಉಳಿಸಿಕೊಳ್ಳುತ್ತಿದ್ದೆವು. ಒಂದು ದಿನ ಆಟೋ ಚಾಲಕ ಫೋನ್ ಮಾಡಿದ. ಔರಾದ ಕಡೆ ಒಂದು ಬಾವಿಯಲ್ಲಿ ಬಿದ್ದ ಹೆಣ್ಣುಮಗಳನ್ನು ಹುಡುಕಲು ನಮ್ಮ ತಂಡದ ಹುಡುಗನೊಬ್ಬ ಇಳಿಯಲು ಹೋಗಿದ್ದ. ಅಲ್ಲಿ ಹಗ್ಗ ಹಿಡಿಯಲು ಎಂಟು ಜನ ಸಾಲಾಗಿ ನಿಂತಿದ್ದರು.

"ಎಕಂಬಾದ ಕಾಕಾ ಊರೂರು ತಿರುಗಿ ಹೇಳ್ಲಿಕತ್ಯಾರ್ರಿ. ಹಗ್ಗ ಜರಾ ಅದುರಿದ್ರ ಸಾಕು, ಜಲ್ದಿ ಎಳೀರಿ, ನನ್ನಂಗ ತಡಾ ಮಾಡಬ್ಯಾಡ್ರಿ ಅಂತ. ನಾ ಹುಡುಗನ್ನ ಇಳೀಗೊಡಲಿಲ್ಲ. ಮ್ಯಾಡಮ್ಮೋರ, ನಾಳಿ ಮತ್ತೊಬ್ಬ ಹೋಗ್ತಾನ್ರಿ."

ಆಗ ನಿರ್ಧರಿಸಿದೆ, ಹೋದವನ ಮಾತು ಮುರಿಯಬೇಕು. ನಾನೇ ಹೋಗಿ ಹೇಳುತ್ತೇನೆ ಎಂದಾಗ ಸಿಸ್ಟರ್ ಮಗಳು ತಡೆದಳು. "ಇದು ಅಂವನ ಪಾಠ ಮ್ಯಾಡಂ. ಅರ್ಧಾ ಉಳದದ. ನಾ ಮುಗಸ್ತೇನಿ. ನೀವು ಕೈ ಹಿಂದ ಕಟ್ಕೋರಿ."

ಅವಳು ಭಾಲ್ಕಿಯಿಂದ ಮೂತ್ರಚೀಲಗಳನ್ನು ತಂದಳು. ಆಟೋ ಚಾಲಕ ಸಿಲಿಂಡರ್ ಹೊತ್ತ. ಎಕಂಬಾದಲ್ಲಿ ಅಪ್ಪ ನಮ್ಮನ್ನು ಕಂಡು ಎದ್ದು ನಿಂತ, ಅವಳನ್ನು ಕಂಡು ಮುಖ ತಿರುಗಿಸಿದ.

"ಕಾಕಾ, ಅವತ್ತ ನೀವು ತಂದ ಚೀಲ ಹಂಗs ಉಳದ್ವು. ಅಂವಾ ತೋರಿಸ್ತೇನಿ ಅಂದಿದ್ದ. ನೋಡ್ತೀರೇನು?"

ಅವನು ಕಂಬಳಿ ಹೆಗಲಿಗೇರಿಸಿ ಬಾವಿಯ ಕಡೆ ನಡೆದ.

ಆಟೋ ಚಾಲಕ ತಳಕ್ಕಿಳಿದು ಚೀಲಕ್ಕೆ ಗಾಳಿ ತುಂಬಿ ಬಾಯಿ ಕಟ್ಟಿ, ಕೇಬಲ್ಲಿನಿಂದ ದೂರ ಸರಿದು ಜಗ್ಗು ಕೊಟ್ಟ. ಸಿಸ್ಟರ್ ಮಗಳು ಹಗ್ಗವನ್ನು ಅಪ್ಪನ ಕೈಗೆ ಕೊಟ್ಟಳು. "ಎಳೀರಿ ಕಾಕಾ. ಅವತ್ತ ಎಳದಂಗ."

ಅವನು ಎಳೆದ. ಒಬ್ಬನೇ ಎಳೆದರೂ ಆ ತೋಳುಗಳಲ್ಲಿ ಐದು ಜನರ ಬಲವಿತ್ತು. ನೀರಿನೊಳಗೆ ಬಿಳಿಯ ಚೆಂಡು ಕಂಡಿತು, ದೊಡ್ಡದಾಯಿತು, ಒಂದು ಸಣ್ಣ ಸದ್ದು. ಹಗ್ಗದ ತುದಿಯಲ್ಲಿ ಕಲ್ಲು ಮತ್ತು ಹರಿದ ತೊಗಲು ಮೇಲೆ ಬಂದವು.

ಅಪ್ಪ ಅದನ್ನು ಅಂಗೈಯಲ್ಲಿಟ್ಟು ಬಿಡಿಸಿ ನೋಡಿದ. ಕುರಿಯ ಒಳಗೆಲ್ಲ ಬಲ್ಲವನು. ಯಾರೂ ಏನೂ ಹೇಳಬೇಕಾಗಲಿಲ್ಲ. ತಲೆ ಎತ್ತಿ ಅವಳನ್ನೇ ಕೇಳಿದ.

"ಬಾಯಿ ಮುಚ್ಚಿದ್ನೇನವಾ ಅಂವಾ?"

"ಹೂಂ ಕಾಕಾ."

"ನಾ ಕಲಿಸಿದ್ದೆ." ತೊಗಲನ್ನು ಕಲ್ಲಿನ ಮೇಲಿಟ್ಟ. "ಎಳದದ್ದಕ್ಕs ಹಿಂಗಾತಂತ ಅಂವಗ ತಿಳಿದಿತ್ತೇನು?"

ಅವಳು ನನ್ನ ಕಡೆ ತಿರುಗಿದಳು. ನಾನು ಹೇಳಿದೆ. "ತಿಳಿದಿತ್ತು. ನಿಮಗ ಹೇಳಬ್ಯಾಡ್ರಿ ಅಂದಿದ್ದ."

ಅವನು ಅವಳ ಕೈ ಹಿಡಿದು ತಿರುಗಿಸಿದ. ಅಂಗೈಯ ಗಾಯ ಗುಲಾಬಿ ಗೆರೆಯಾಗಿ ಮಾಗಿತ್ತು. ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಕೈ ಬಿಟ್ಟು ಹಗ್ಗ ಎತ್ತಿಕೊಂಡ.

"ಇನ್ನೊಂದು ಕಟ್ಟರಿ. ಈ ಸಲ ಬಾಯಿಗಿ ಹಾದಿ ಬಿಡ್ರಿ."

ಆಟೋ ಚಾಲಕ ಪೆನ್ನಿನ ಕೊಳವೆ ಇಟ್ಟ ಚೀಲದೊಂದಿಗೆ ಮತ್ತೆ ಇಳಿದ. ಜಗ್ಗು ಬಂತು. ಅಪ್ಪ ದಂಡೆಯ ಕಲ್ಲಿನ ಮೇಲೆ ಕೂತು, ಬಾಗಿ, ಹಗ್ಗವನ್ನು ಒಂದೊಂದೇ ಹಿಡಿಯಾಗಿ ತೆಗೆದುಕೊಳ್ಳತೊಡಗಿದ. ನೀರಿನ ಮೇಲೆ ಸಣ್ಣ ಗುಳ್ಳೆಗಳು ಬಂದು ಒಡೆದವು. ಅವು ನಿಂತರೆ ಅವನೂ ನಿಲ್ಲುತ್ತಿದ್ದ, ಬಂದರೆ ಮುಂದಿನ ಹಿಡಿ. ಅವನ ತೋಳು ಎಳೆಯಲೆಂದು ಬಿಗಿದುಕೊಳ್ಳುತ್ತಿದ್ದುದು, ಅವನು ಅದನ್ನು ತಡೆಯುತ್ತಿದ್ದುದು ನಾನು ನಿಂತಲ್ಲಿಗೂ ಕಾಣುತ್ತಿತ್ತು. ಸಿಸ್ಟರ್ ಮಗಳು ಪಕ್ಕದಲ್ಲಿ ಕೂತಳು, ಹಗ್ಗ ಮುಟ್ಟಲಿಲ್ಲ. ನನ್ನ ಕೈಗಳು ಬೆನ್ನ ಹಿಂದೆಯೇ ಇದ್ದವು.

"ಸಾವಕಾಶ," ಎಂದು ಅವನು ನೀರಿಗೆ ಹೇಳುತ್ತಿದ್ದ. "ಸಾವಕಾಶ ಬಾ ನನ್ನಪ್ಪಾ. ನಾ ಎಳಿಯೂದಿಲ್ಲ. ಬಾಯಿ ಬಿಟ್ಟು ಬಾ."

ಅದು ಇಡಿಯಾಗಿ ಮೇಲೆ ಬಂತು.